ಹಂಝಾಕರ ಅಕ್ಕಿ ಮೂಟೆ

ಸೌದಿಯ ನಜ್ರಾನಿನಲ್ಲಿ ಗುರುವಾರ ಬಂತೆಂದರೆ ನಮ್ಮ ಡ್ರೈವರ್ ಹಂಝಾಕರನ್ನು ಹಿಡಿಯುವವರಿಲ್ಲ. ನಾಳೆ ಬೇಟೆ! ನಮ್ಮನ್ನೆಲ್ಲ ಕೆಲಸಕ್ಕಿಟ್ಟುಕೊಂಡ ಕಫೀಲನ ಕಿರಿಯ ಮಗ ಸಾಲೆಹ್‌ಗೆ ಹದಿನಾರು ವರ್ಷ. ಪೋಲಿಯೊ ಬಂದು ಎರಡು ಕಾಲಿಗೂ ಬಲವಿಲ್ಲ, ಆದರೆ ಗುರಿ ತಪ್ಪುವುದಿಲ್ಲ. “ಗುಂಡು ನಿನ್ನದು, ಬೇಟೆ ಡ್ರೈವರನದು” ಎಂದು ಅಣ್ಣಂದಿರು ಅವನನ್ನು ಹಂಗಿಸುತ್ತಾರೆ, ಬಿದ್ದ ಪ್ರಾಣಿಯನ್ನು ಓಡಿ ಹೋಗಿ ಕೊಯ್ಯುವವರು ಹಂಝಾಕರಲ್ಲವೆ. ಹಂಝಾಕ ಪಿಕಪ್ಪಿನ ಹಿಂದೆ ಅವನಿಗೊಂದು ಕುರ್ಚಿ ಬಿಗಿಯುತ್ತಾರೆ, ಬಿಚ್ಚುತ್ತಾರೆ, ಮತ್ತೆ ಬಿಗಿಯುತ್ತಾರೆ. ಒದ್ದೆ ಬೆರಳೆತ್ತಿ ಗಾಳಿ ನೋಡುತ್ತಾರೆ, ಅದೂ ಅಡುಗೆಮನೆಯೊಳಗೆ. ಬೆಟ್ಟದ ಕಾಡಾಡಿನ ಕೊಂಬು ಅವರ ಬಾಯಲ್ಲಿ ವಾರಕ್ಕೊಂದು ಗೇಣು ಬೆಳೆಯುತ್ತದೆ. ಎಲ್ಲಕ್ಕಿಂತ ವಿಚಿತ್ರ ಅವರ ಅಕ್ಕಿ ಮೂಟೆ. ದಿನಾ ಸಂಜೆ ಅದನ್ನು ಬೆನ್ನಿಗೆ ಕಟ್ಟಿಕೊಂಡು ತಾರಸಿಯ ಮೂವತ್ತೆರಡು ಮೆಟ್ಟಿಲು ಓಡಿ ಹತ್ತುತ್ತಾರೆ, ಇಳಿಯುತ್ತಾರೆ. “ಎಂತ ಹಂಝಾಕ, ಅಕ್ಕಿಗೆ ಊರು ತೋರಿಸ್ಲಿಕ್ಕಾ?” ಎಂದು ಅಡುಗೆಯ ಕೋಯ ಕೆಣಕಿದರೆ, “ನೀನು ನಿನ್ನ ಗಂಜಿ ನೋಡು ಮಾರಾಯ” ಎನ್ನುತ್ತಾರೆ. ಕಳೆದ ಶುಕ್ರವಾರ ನಾವೂ ಜೊತೆಗೆ ಹೋದೆವು. ಸಾಲೆಹ್‌ನ ಗುಂಡಿಗೆ ಕಾಡಾಡು ಎತ್ತರದ ಬಂಡೆಗಳ ನಡುವೆ ಉರುಳಿತು. ಜೀವವಿರುವಾಗಲೇ ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಕೊಯ್ಯಬೇಕಲ್ಲ, ಕೋಯ ಚೂರಿ ಹಿಡಿದು ಓಡಲು ಹೊರಟ. “ನಿಲ್ಲು! ಬೇಟೆ ಯಾರದ್ದು?” ಎಂದ ಹಂಝಾಕ ಚೂರಿಯನ್ನು ಸಾಲೆಹ್‌ನ ಕೈಗಿತ್ತು, ಅವನನ್ನು ಬೆನ್ನಿಗೇರಿಸಿಕೊಂಡು “ಯಲ್ಲಾ!” ಎಂದು ಬಂಡೆ ಹತ್ತಿ ಓಡಿಯೇಬಿಟ್ಟರು. ಬಿಸ್ಮಿ ಹೇಳಿದ ದನಿ ಸಾಲೆಹ್‌ನದೇ; ಕೆಳಗಿದ್ದ ನಮಗೆಲ್ಲ ಕೇಳಿತು. ನಿನ್ನೆ ಸಂಜೆ ಹಂಝಾಕ ಮೂಟೆಗೆ ಇನ್ನೆರಡು ಕಿಲೋ ಅಕ್ಕಿ ಸುರಿದರು. “ಹುಡುಗ ಬೆಳೀತಾ ಇದ್ದಾನಲ್ಲ,” ಎಂದು ಮೆಟ್ಟಿಲ ಕಡೆ ನಡೆದರು.