ಸಿದ್ದಪ್ಪನಿಗೆ ಇಟ್ಟ ಮೊದಲ ಎಡೆ

ಸತ್ತವರು ಬರುತ್ತಾರೆ, ಉಣ್ಣುತ್ತಾರೆ ಎಂದರೆ ನಗುತ್ತಿದ್ದವನು ನಾನು. ಲೈನ್‌ಮನ್ ಕೆಲಸ ನನ್ನದು. ಟೆಸ್ಟರ್ ಹಚ್ಚಿ ನೋಡದೆ ಯಾವ ತಂತಿಯನ್ನೂ ನಂಬಿದವನಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಮಧ್ಯಾಹ್ನ ಕೇಳಿದ್ದನ್ನು ಕೇಳಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ನಮ್ಮಜ್ಜನ ಅಣ್ಣ ಸಿದ್ದಪ್ಪ ತಂಬ್ರಹಳ್ಳಿಯಿಂದ ಎರಡನೇ ಮಹಾಯುದ್ಧಕ್ಕೆ ಹೋದವನು. ಕಾಣೆಯಾಗಿದ್ದಾನೆ ಎಂದು ಒಂದು ಕಾಗದ ಬಂತು, ಅಷ್ಟೇ. ಬದುಕಿದವನಿಗೆ ಎಡೆ ಇಟ್ಟರೆ ಆಯುಸ್ಸು ಕಡಿಮೆಯಾಗುತ್ತದೆಂದು ಹೆದರಿದ ತಾಯಿ, ಅವನಿಗೆ ಎಡೆ ಇಡಬಾರದೆಂದು ಸಾಯುವಾಗ ಉಳಿದ ಮಕ್ಕಳಿಂದ ಭಾಷೆ ತೆಗೆದುಕೊಂಡಳಂತೆ. ಹೀಗಾಗಿ ಮಹಾಲಯ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ಎಲೆ ಹಾಕಿದರೂ ಅವನೊಬ್ಬನಿಗೆ ಇರಲಿಲ್ಲ. ಕೊನೆಗೆ ಉಳಿದವಳು ಅವನ ತಂಗಿ ಗೌರಜ್ಜಿ. ತಾನು ಹೋದ ಮೇಲೆ ಅಣ್ಣನನ್ನು ನೆನೆಯುವವರು ಯಾರು, ಅವನು ಎಲ್ಲಿ ಹಸಿದು ಕೂತಿದ್ದಾನೋ ಎಂಬುದೇ ಅವಳ ಚಿಂತೆ.

ಕೆಲವು ವರ್ಷಗಳ ಹಿಂದೆ, ದೂರದೇಶದ ಸೈನಿಕರ ಸ್ಮಶಾನವೊಂದರ ಪಟ್ಟಿಯಲ್ಲಿ ಅವನ ಹೆಸರು ನನ್ನ ಮೊಬೈಲಿನಲ್ಲಿ ಸಿಕ್ಕಿತು. ತಂದೆಯ ಹೆಸರು, ಊರು, ಯುದ್ಧಕೈದಿಯಾಗಿ ಸತ್ತದ್ದು, ಎಲ್ಲ ಇತ್ತು. ಓದಿ ಹೇಳಿದೆ. ಅಜ್ಜಿ ಅಳಲಿಲ್ಲ. ಅಮಾವಾಸ್ಯೆಗೆ ಗೋಧಿ ಹುಗ್ಗಿ ಮಾಡಿಸು ಎಂದಳು.

ನಮ್ಮ ಕಡೆ ಎಡೆ ಇಟ್ಟು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಆಮೇಲೆ ತಟ್ಟಿ ತೆಗೆಯುತ್ತೇವೆ. ಆ ದಿನ ಹೊರಚಿಲಕ ಹಾಕಿದವನು ನಾನೇ. ಒಂದೇ ಬಾಗಿಲಿನ ಮನೆ. ಕಟ್ಟೆಯ ಮೇಲೆ ಕೂತು ಹಾಕಿಕೊಂಡ ಎಲೆಅಡಿಕೆ ಇನ್ನೂ ಮುಗಿದಿರಲಿಲ್ಲ, ಒಳಗಿನಿಂದ ಬಾಗಿಲು ತಟ್ಟಿದ ಸದ್ದು. ಮೆತ್ತಗೆ, ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು. ನನ್ನ ಹೆಂಡತಿಯೂ ಕೇಳಿಸಿಕೊಂಡಳು.

ಅಜ್ಜಿಯೇ ಗೋಡೆ ಹಿಡಿದು ಹೋಗಿ ಚಿಲಕ ತೆಗೆದಳು. ಒಳಗೆ ಯಾರೂ ಇಲ್ಲ. ಇಲಿ, ಬೆಕ್ಕು ಏನಾದರೂ ಇರಬಹುದೆಂದು ಅಟ್ಟ ಹತ್ತಿಯೂ ನೋಡಿದೆ. ಎಡೆ ಇಟ್ಟ ಹಾಗೇ ಇತ್ತು.

"ತಪ್ಪು ನಮ್ದಪ್ಪಾ," ಎಂದಳು ಅಜ್ಜಿ. "ಸೆರಿಮನ್ಯಾಗ ಸತ್ತವಗ ಚಿಲಕ ಹಾಕಿದ್ವಲ್ಲ."

ಎರಡೂ ಕದ ಪೂರ್ತಿ ತೆರೆದಿಟ್ಟು, ಒಳಗೆ ನೋಡುತ್ತ ಮೆಲ್ಲಗೆ ಹೇಳಿದಳು: "ಉಣ್ಣಣ್ಣ. ಇದು ನಿನ್ನ ಮನಿ ಐತಿ."

ಆ ದಿನ ಅವಳು ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡಳು. ಮುಂದಿನ ಬೇಸಿಗೆಯಲ್ಲಿ ನೆಮ್ಮದಿಯಿಂದ ಹೋದಳು. ನಮ್ಮೂರಿನ ಹೆಸರು ಕೂಡ ತಪ್ಪದಂತೆ ಬರೆದಿಟ್ಟ ಆ ಪರದೇಶದ ಗುಮಾಸ್ತನಿಗೆ ನಾನು ಋಣಿ. ಬಾಗಿಲು ತಟ್ಟಿದವರು ಯಾರೋ ಇವತ್ತಿಗೂ ತಿಳಿದಿಲ್ಲ; ಅವರಿಗೂ ಋಣಿ. ಈಗ ನಮ್ಮ ಮನೆಯಲ್ಲಿ ಎಡೆ ಇಟ್ಟ ಮೇಲೆ ಯಾರೂ ಬಾಗಿಲು ಹಾಕುವುದಿಲ್ಲ.