ಹನಿಯೂ ಚೆಲ್ಲದ ಕಾಫಿ

ಸ್ಕೂಟರಿನ ಮೇಲೆ ಕಾಫಿ, ಟೀ ಒಯ್ಯುವವರಲ್ಲಿ ಶಿಸ್ತಿಲ್ಲ ಎಂಬುದು ನನ್ನ ಬಹುದಿನದ ಅಸಮಾಧಾನ. ಪ್ಲಾಸ್ಟಿಕ್ ಕವರಿಗೆ ಟೀ ತುಂಬಿಸಿ, ಬಾಯಿಗೆ ದಾರ ಸುತ್ತಿ, ಹ್ಯಾಂಡಲಿಗೆ ನೇತುಹಾಕಿಕೊಂಡು ಹೊರಟುಬಿಡುತ್ತಾರೆ. ರಾಮನಗರದ ಬೀದಿಯಲ್ಲಿ ಆ ಕವರು ತೂಗಾಡುವುದನ್ನು ಕಂಡಾಗಲೆಲ್ಲ ನನಗೆ ಸಲೈನ್ ಬಾಟಲಿಯ ನೆನಪಾಗುತ್ತದೆ. ಸವಾರನೇ ರೋಗಿಯಂತೆ ಕಾಣುತ್ತಾನೆ. ನರ್ಸಾಗಿ ನಿವೃತ್ತಳಾದವಳ ಕಣ್ಣಿಗೆ ಬೇರೇನು ಕಂಡೀತು?

ನನ್ನ ಪದ್ಧತಿಯೇ ಬೇರೆ. ಹಿಡಿಯಿರುವ ಸ್ಟೀಲ್ ಕ್ಯಾನು ಬೇಕು. ಅದನ್ನು ಕತ್ತಿನವರೆಗೆ ತುಂಬಿಸಬೇಕು. ಜಾಗ ಸಿಕ್ಕರೆ ದ್ರವ ಮಕ್ಕಳಂತೆ ಆಟಕ್ಕಿಳಿಯುತ್ತದೆ. ಮುಚ್ಚಳದ ಅಂಚಿಗೆ ಬಾಳೆಲೆಯ ಪಟ್ಟಿ ಸುತ್ತಿ, ಒತ್ತಿ, ಮೇಲಿನಿಂದ ಲಟ್ಟಣಿಗೆಯಲ್ಲಿ ಮೆಲ್ಲಗೆ ಎರಡೇಟು ಕೊಡಬೇಕು. ಆಮೇಲೆ ಟವೆಲ್ ಸುತ್ತಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟು, ಎರಡೂ ಪಾದಗಳಿಂದ ಅದುಮಿ ಹಿಡಿಯಬೇಕು. ಏಕೆಂದರೆ ದ್ರವದಷ್ಟು ಹಟಮಾರಿ ವಸ್ತು ಇನ್ನೊಂದಿಲ್ಲ. ಗಾಡಿ ನಿಂತರೂ ತಾನು ಮುಂದಕ್ಕೆ ಹೋಗಬೇಕು. ಗಾಡಿ ಹಂಪು ಇಳಿದ ಮೇಲೂ ತಾನು ಇನ್ನೊಂದು ಗಳಿಗೆ ಹತ್ತುತ್ತಲೇ ಇರಬೇಕು. ಹಂಪು ಹಾಕಿಸಿದವರು ಬ್ರೇಕಿನ ಬಗ್ಗೆ ಯೋಚಿಸಿದ್ದಾರೆಯೇ ಹೊರತು ಕಾಫಿಯ ಬಗ್ಗೆ ಯೋಚಿಸಿಲ್ಲ.

ಈ ಪದ್ಧತಿಗೆ ಮೊನ್ನೆ ಪರೀಕ್ಷೆ ಬಂತು. ನನ್ನ ತಂಗಿ ಜಯಮ್ಮ ಕೈಲಾಂಚದ ಆಚೆಯ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಬೆಳಿಗ್ಗೆ ಫೋನ್ ಮಾಡಿದಳು.

"ಅಕ್ಕಾ, ಹುಳ ಎಲ್ಲಾ ಒಂದೇ ಸಲಕ್ಕೆ ಹಣ್ಣಾಗ್ಬುಟ್ಟವೆ! ಒಲೆ ಹಚ್ಚಾಕೂ ಒಬ್ರಿಗೂ ಕೈ ಬಿಡುವಿಲ್ಲ. ಒಸಿ ಕಾಫಿ ಮಾಡ್ಕೊಂಡು ಬಂದ್ಬುಡು."

ಹಣ್ಣಾದ ಹುಳು ಗೂಡು ಕಟ್ಟಲು ಅವಸರಪಡುತ್ತದೆ. ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಯಾದ ಚಂದ್ರಿಕೆಯ ಮೇಲೆ ಬಿಡುವುದು ತಡವಾದರೆ ಸೊಪ್ಪಿನ ನಡುವೆಯೇ ನೂಲು ಸುತ್ತಿಕೊಂಡು, ಇಷ್ಟು ದಿನ ಸಾಕಿದ್ದೆಲ್ಲ ಹಾಳು. ಅದಕ್ಕೇ ನೆರೆಹೊರೆಯವರು ಸಹಾಯಕ್ಕೆ ಬರುತ್ತಾರೆ. ಅವರಿಗೆ ಕಾಫಿ ಕೊಡುವುದು ಮನೆಯ ಮರ್ಯಾದೆ. ಜಯಮ್ಮನ ಸಂಕಟ ಇನ್ನೂ ಒಂದಿತ್ತು: "ಪಕ್ಕದ ಬೀದಿ ಪುಟ್ಟತಾಯಮ್ಮನ ಮನೇಲೂ ಹುಳ ಹಣ್ಣಾಗವೆ. ಅಲ್ಲಿ ಕಾಫಿ ಜತೆ ಬೋಂಡ ಅಂತೆ. ನಮ್ಮನೆಗೆ ಬಂದೋರೆಲ್ಲ ಆಗ್ಲೇ ಆ ಕಡೆ ತಿರುಗಿ ನೋಡ್ತಾವ್ರೆ."

ಹೊರಟೆ. ಅವಸರವಿತ್ತು ನಿಜ, ಆದರೆ ಪದ್ಧತಿ ಪದ್ಧತಿಯೇ. ಬೈಕಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಒಬ್ಬ ಹಿಂದಿನಿಂದ ಬಂದು ಕೂಗಿದ: "ಅಕ್ಕೋ, ಹಿಂದ್ಗಡೆ ಬಸುರಿ ಯಾರೂ ಕುಂತಿಲ್ಲ ಕಣಕ್ಕ, ಒಸಿ ಜೋರಾಗೋಡ್ಸು!"

"ನೀನು ಓಡಿಸೋ ಸ್ಪೀಡಿಗೆ ಡೈರಿ ಸೇರೋಷ್ಟರಲ್ಲಿ ಹಾಲು ಬೆಣ್ಣೆಯಾಗಿರುತ್ತೆ ಕಣಪ್ಪ," ಎಂದೆ.

ತಂಗಿಯ ಮನೆ ತಲುಪಿ ಟವೆಲ್ ಬಿಚ್ಚಿದೆ. ಒಣ ಟವೆಲ್! ಒಂದು ಹನಿಯೂ ಚೆಲ್ಲಿರಲಿಲ್ಲ. ಎಲ್ಲರಿಗೂ ಕಾಣುವಂತೆ ಅದನ್ನು ಕೊಡವಿ ತೋರಿಸಿ, ಮುಚ್ಚಳ ಎಳೆದೆ. ಬರಲಿಲ್ಲ. ಒಳಗಿನ ಹಬೆ ತಣಿದು ಮುಚ್ಚಳವನ್ನು ಹೀರಿ ಹಿಡಿದಿತ್ತು. ಈ ಕಾರಣವನ್ನು ವಿವರಿಸತೊಡಗಿದೆ. ಜಯಮ್ಮನಿಗೆ ಬೇಕಿದ್ದದ್ದು ಕಾರಣವಲ್ಲ, ಕಾಫಿ. ಅಷ್ಟರಲ್ಲಿ ಪಕ್ಕದ ಬೀದಿಯಿಂದ ಬೋಂಡದ ವಾಸನೆ ಬಂತು. ಇಬ್ಬರು ಹೆಂಗಸರು ಸೆರಗು ಕೊಡವಿಕೊಂಡು ಎದ್ದರು. ಅರ್ಧ ಹುಳು ಇನ್ನೂ ಸೊಪ್ಪಿನಲ್ಲೇ ಇತ್ತು. ಜಯಮ್ಮ ಅಳುವುದೊಂದು ಬಾಕಿ.

"ತತ್ತಾರಕ್ಕ ಇಲ್ಲಿ," ಎಂದು ಪಕ್ಕದ ಮನೆಯ ಕೆಂಪಣ್ಣ ಕ್ಯಾನು ಕಿತ್ತುಕೊಂಡ. ಮುಖ ಕೆಂಪಾಯಿತು, ಮುಚ್ಚಳ ಅಲುಗಲಿಲ್ಲ.

"ಏನ್ಲಾ ಕೆಂಪ, ಟ್ರ್ಯಾಕ್ಟರ್ ಚಕ್ರ ಬಿಚ್ಚೋ ಗಂಡು ಅಂತೀಯ, ಕಾಫಿ ಮುಚ್ಳಕ್ಕೇ ಬೆವೆತುಬುಟ್ಯಾ?" ಎಂದಳು ಹುಳು ಆರಿಸಲು ಬಂದಿದ್ದ ಮುದುಕಿ ಚಿಕ್ಕತಾಯಮ್ಮ. ಮನೆಯೆಲ್ಲ ನಕ್ಕಿತು. ಎದ್ದಿದ್ದ ಇಬ್ಬರೂ ಮತ್ತೆ ಕುಳಿತರು. ತಮಾಷೆ ಬಿಟ್ಟು ಬೋಂಡಕ್ಕೆ ಹೋಗುವುದುಂಟೆ?

ನಾನು ಕೂಡಲೇ ನಿಯಮ ಹಾಕಿದೆ. ಒಬ್ಬರಿಗೆ ಒಂದೇ ಸರದಿ. ಕ್ಯಾನು ಮುಟ್ಟಿದವರು ಕೈ ತೊಳೆದೇ ಹುಳು ಮುಟ್ಟಬೇಕು. ಸರದಿ ಬರುವವರೆಗೆ ಎಲ್ಲರೂ ಹುಳು ಆರಿಸುತ್ತಿರಬೇಕು.

"ನರ್ಸಮ್ಮ, ಚೀಟಿ ಮಾಡಿಸ್ಬೇಕಾ, ಇಲ್ಲಾ ಹಿಂಗೇ ಬರಬೌದಾ?" ಎಂದ ಕೆಂಪಣ್ಣ, ಇನ್ನೊಂದು ಸಲ ನುಸುಳಲು ನೋಡುತ್ತಾ.

ಒಬ್ಬೊಬ್ಬರೂ ಬಂದರು, ಎಳೆದರು, ಚಿಕ್ಕತಾಯಮ್ಮನಿಂದ ಬೈಸಿಕೊಂಡು ಹೋಗಿ ಕೈ ತೊಳೆದು ಕುಳಿತರು. ಬಾಯಿ ನಗುತ್ತಿತ್ತು, ಕೈ ಆರಿಸುತ್ತಿತ್ತು. ಎಲ್ಲರ ಸರದಿ ಮುಗಿದಾಗ ನೋಡಿದರೆ ಸೊಪ್ಪಿನಲ್ಲಿ ಹುಳುವೇ ಉಳಿದಿರಲಿಲ್ಲ. ಎಲ್ಲವೂ ಚಂದ್ರಿಕೆ ಏರಿ ತಲೆಯಾಡಿಸುತ್ತಾ ನೂಲು ಬಿಡತೊಡಗಿದ್ದವು. ಮುಚ್ಚಳ ಮಾತ್ರ ಹಾಗೆಯೇ ಇತ್ತು.

ಕೈ ಬಿಡುವಾದ ಜಯಮ್ಮ ಒಲೆ ಹಚ್ಚಿ, ಬಿಸಿನೀರಿನ ಪಾತ್ರೆಯಲ್ಲಿ ಕ್ಯಾನನ್ನು ಕೂರಿಸಿದಳು. ಸ್ವಲ್ಪ ಹೊತ್ತಿಗೆ ಮುಚ್ಚಳ ಟಪ್ಪೆಂದು ಸಡಿಲಿತು. ಕಾಫಿ ಆರಿತ್ತು. ಅದೇ ಒಲೆಯ ಮೇಲೆ ಮತ್ತೆ ಕಾಯಿಸಿದೆವು. ಒಲೆ ಇಲ್ಲೇ ಇರುವಾಗ ರಾಮನಗರದಿಂದ ಕಾಫಿ ಹೊತ್ತು ತಂದದ್ದೇಕೆ ಎಂದು ಕೆಂಪಣ್ಣ ಕೇಳಿದ. ಅವನ ಲೋಟಕ್ಕೆ ಇನ್ನಷ್ಟು ಸುರಿದೆ.

ನಾನು ಹೊರಡುವಾಗ ಚಿಕ್ಕತಾಯಮ್ಮ ಸ್ಕೂಟರಿನವರೆಗೂ ಬಂದಳು. "ಮುಂದಿನ ಹುಳದ ಬೆಳೆಗೂ ಬಂದ್ಬುಡವ್ವ."

"ಏನು ತರಲಿ? ಬೋಂಡ ತರಲಾ?"

"ಏನಾರ ತಾ. ಮುಚ್ಳ ಮಾತ್ರ ನೀನೇ ಹಾಕ್ಕೊಂಡು ಬಾ."