ಬಿರಣ್ಣನ ಪುಟಕ್ಕೆ ಬೀಳದ ಹೊಲಿಗೆ

ಬಸ್ಸು ಕೈಕೊಡಬಹುದು. ಬಂದರೂ ಕೂರಲು ಜಾಗ ಸಿಗದೆ, ಯಾರದೋ ಮೊಣಕೈ ತಾಗಿ ಪುಸ್ತಕದ ಬೆನ್ನು ಮುರಿಯಬಹುದು. ಮಳೆ ಬರಬಹುದು, ನಮ್ಮ ಕಡೆ ಅದು ಬೇಕೆಂದಾಗ ಬಾರದು, ಬೇಡವೆಂದಾಗ ಬಂದರೂ ಬಂದೀತು. ಯಾರೋ ಚಹಾ ಚೆಲ್ಲಬಹುದು. ನನ್ನ ತಂದೆ, ಅಬ್ಬಾ, ಆ ಪುಸ್ತಕದಲ್ಲಿ 'ತೀರಿಕೊಂಡರು' ಎಂದು ಬರೆದಿಟ್ಟ ಆಟಗಾರರೊಬ್ಬರು ಎದುರಿಗೇ ಬಂದು ನಮಸ್ಕಾರ ಹೇಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಬಿರಣ್ಣ ಬಂದು ತನ್ನ ಪುಟ ತೆರೆಯಬಹುದು. ಜತ್ತಿಗೆ ಹೋಗುವ ಬಸ್ಸಿನಲ್ಲಿ ನಾನು ಹೀಗೆ ಒಂದೊಂದೇ ಅನಾಹುತವನ್ನು ಎಣಿಸುತ್ತಿದ್ದರೆ, ಮಡಿಲಲ್ಲಿದ್ದ ಪುಸ್ತಕದಿಂದ ಹಳೆಯ ಹಿಟ್ಟಿನ ಅಂಟು ಮತ್ತು ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಮೇಲೇಳುತ್ತಿತ್ತು. ಹಳೆಯ ಕಬಡ್ಡಿ ಆಟಗಾರರೆಲ್ಲ ಅಂದು ಜತ್ತಿನ ಶಾಲೆಯೊಂದರ ಮೈದಾನದಲ್ಲಿ ಸೇರುವವರಿದ್ದರು. ಅಬ್ಬಾನ ಪುಸ್ತಕ ತಂದು ಮೇಜಿನ ಮೇಲಿಡಬೇಕೆಂದು ನನಗೆ ಫೋನ್ ಮಾಡಿದ್ದರು. ಹೂಂ ಎಂದ ಗಳಿಗೆಯಿಂದ ನನಗೆ ನಿದ್ದೆ ಇರಲಿಲ್ಲ.

ಜತ್ತ ತಾಲೂಕಿನ, ಮರಾಠಿ ಸೀಮೆಗೆ ಸೇರಿದ ಗಡಿಯ ನಮ್ಮೂರು ಮುಚ್ಚಂಡಿಯಲ್ಲಿ ಬಸ್ಸು ನಿಲ್ಲುವ ಕಡೆ ನಮ್ಮ ಮನೆಯಿತ್ತು, ಮುಂದಿನ ಕೋಣೆಯೇ ಅಬ್ಬಾನ ಟೇಲರ್ ಅಂಗಡಿ. ಈಗ ಅಲ್ಲಿ ಮೊಬೈಲ್ ಮಾರುತ್ತಾರೆ. ಆಗ ಸಂಜೆಯ ಬಸ್ಸಿನಿಂದ ಒಂದೇ ಒಂದು ಮರಾಠಿ ಪೇಪರು ಇಳಿಯುತ್ತಿತ್ತು. ಪಗಾರ ಕೊಟ್ಟು ಆಟಗಾರರನ್ನು ಇಟ್ಟುಕೊಂಡ ಸಾಂಗಲಿ ಕಡೆಯ ಕಬಡ್ಡಿ ಸಂಘಗಳ ಸುದ್ದಿಯನ್ನು ಅಬ್ಬಾ ದೊಡ್ಡ ಕತ್ತರಿಯಿಂದ, ಬಟ್ಟೆ ಕತ್ತರಿಸುವಷ್ಟೇ ಹುಷಾರಾಗಿ ಕತ್ತರಿಸಿ, ನಮ್ಮ ತಾಲೂಕಿನ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪುಟ ಕೊಟ್ಟು ಅಂಟಿಸುತ್ತಿದ್ದರು. ಒಲೆಯ ಮೇಲೆ ಅಂಟು ಕುದಿಯುವಾಗ ಅಮ್ಮಿ, "ಇವರ ಆಟಗಾರರಿಗೆ ಹಚ್ಚೂ ಹಿಟ್ಟಿನ್ಯಾಗ ನಮಗ ಎರಡು ರೊಟ್ಟಿ ಆಗತಿದ್ದೂ" ಎಂದು ಗೋಡೆಗೆ ಹೇಳುತ್ತಿದ್ದಳು. ಯಾರಾದರೂ ಆಟ ಬಿಟ್ಟರೆ, ಅವರ ಕೊನೆಯ ಸುದ್ದಿಯ ಕೆಳಗೆ ಅಬ್ಬಾ ಕೆಂಪು ದಾರದಲ್ಲಿ ಒಂದು ಸಾಲು ಹೊಲಿಗೆ ಹಾಕುತ್ತಿದ್ದರು. ಯಾಕೆಂದು ಕೇಳಿದರೆ, "ಅಂಚ ಹೊಲೀಲಿಲ್ಲಂದ್ರ ಅರಿವಿ ಎಳಿ ಎಳಿ ಬಿಚ್ಚತೈತಿ ಬೇಟಿ" ಎನ್ನುತ್ತಿದ್ದರು.

ಬಿರಣ್ಣ ಕುರಿ ಕಾಯುವ ಲಕ್ಕವ್ವನ ಮಗ, ಕಾರಖಾನೆಯೊಂದರ ಸಂಘದಲ್ಲಿ ಆಡುತ್ತಿದ್ದ. ಓದು ಬಾರದ ಲಕ್ಕವ್ವ ಕುರಿಗಳನ್ನು ದೊಡ್ಡಿಗೆ ಕೂಡಿದವಳೇ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು. "ಟೇಲರಪ್ಪ, ನನ್ನ ಮಗ ಇವತ್ತ ಎಷ್ಟ ಮಂದೀನ ಮುಟ್ಟಿ ಬಂದಾನ, ಓದರಿ." ಅಬ್ಬಾ ಮರಾಠಿ ಓದಿ ಕನ್ನಡದಲ್ಲಿ ಹೇಳುವರು, ಅವಳು ಬೆರಳು ಮಡಿಚಿ ಎಣಿಸುವಳು.

ಒಂದು ಸಂಜೆ ಪೇಪರಿನಲ್ಲಿ ಎರಡೇ ಸಾಲಿತ್ತು. ಮೊಣಕಾಲಿನ ಪೆಟ್ಟಿನಿಂದಾಗಿ ಬಿರಣ್ಣನನ್ನು ಸಂಘದಿಂದ ಕೈಬಿಡಲಾಗಿದೆ. ಅಬ್ಬಾ ಪುಟ ತಿರುವಿದರು.

"ಇವತ್ತ ಕಬಡ್ಡಿ ಸುದ್ದೀನ ಇಲ್ಲ ನೋಡವ್ವಾ."

"ಸುದ್ದಿ ಇಲ್ಲಂದ್ರ ನೀವ್ಯಾಕ್ರಿ ಬೆವತೀರಿ?" ಎಂದಳು ಲಕ್ಕವ್ವ.

ನಾಲ್ಕು ಸಂಜೆ ಅಬ್ಬಾ ಅದೇ ಸುಳ್ಳು ಹೇಳಿದರು. ಅವರ ಭುಜದ ಮೇಲಿಂದ ಇಣುಕಿ ಓದಿದ್ದ ನಾನು, ಲಕ್ಕವ್ವ ನನ್ನನ್ನೇ ಕೇಳಿಬಿಟ್ಟರೆ ಎಂಬ ಹೆದರಿಕೆಗೆ ಹೊಟ್ಟೆನೋವೆಂದು ಯಂತ್ರದ ಹಿಂದೆ ಮುದುಡಿಕೊಂಡಿದ್ದೆ. ಐದನೆಯ ದಿನ ಬಿರಣ್ಣನೇ ಕೋಲೂರಿಕೊಂಡು ಬಸ್ಸಿನಿಂದಿಳಿದು, ಮನೆಗೂ ಹೋಗದೆ ಅಂಗಡಿಗೆ ಬಂದ. ಏನಾಯಿತೆಂದು ಕೇಳಿದ ಅವನಿಗೂ ನಾನು ಹೊಟ್ಟೆನೋವೆಂದೇ ಹೇಳಿದೆ. ಅವನ ಪುಟ ತೆರೆದಿತ್ತು, ಆ ಎರಡು ಸಾಲು ಅಂಟಿಸಿ ಆಗಿತ್ತು, ಅಬ್ಬಾನ ಕೈಯಲ್ಲಿ ಕೆಂಪು ದಾರ ಪೋಣಿಸಿದ ಸೂಜಿಯಿತ್ತು. ಬಿರಣ್ಣ ಪುಟದ ಮೇಲೆ ಅಂಗೈ ಇಟ್ಟ.

"ಚಾಚಾ, ಇದಕ್ಕ ಹೊಲಿಗಿ ಹಾಕಬ್ಯಾಡ್ರಿ. ಮುಂದಿನ ಸುಗ್ಗಿ ತನಕಾ ಕಾಯ್ರಿ. ನಾ ಆಡತೀನಿ."

ಅಬ್ಬಾ ಅರ್ಧ ಹೊಲಿದ ಅಂಗಿಯಲ್ಲಿ ಸಿಕ್ಕಿಸುವಂತೆ ಸೂಜಿಯನ್ನು ಆ ಸಾಲುಗಳ ಕೆಳಗೆ ಕಾಗದಕ್ಕೆ ಸಿಕ್ಕಿಸಿದರು. ಎಷ್ಟೋ ಸುಗ್ಗಿಗಳು ಬಂದವು. ಬಿರಣ್ಣ ಕುರಿಗಳ ಹಿಂದೆ ಹೋದ. ಲಕ್ಕವ್ವ ಹೋದಳು, ಅಮ್ಮಿ ಹೋದಳು. ಅಬ್ಬಾ ಹೋದ ಮೇಲೆ ಯಂತ್ರವನ್ನೂ ಯಾರಿಗೋ ಕೊಟ್ಟೆವು. ಆ ಪುಟವನ್ನು ಮಾತ್ರ ಯಾರೂ ತೆರೆಯಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಮುಗಿಯದ ಆಟವನ್ನು ಮಂದಿಯ ಮುಂದೆ ತೆರೆದಿಟ್ಟು ಅವನಿಗೆ ಅವಮಾನ ಮಾಡಿದಂತಾದರೆ, ಎಂಬುದೇ ನನ್ನ ಭಯವಾಗಿತ್ತು.

ಜತ್ತಿನಲ್ಲಿ ಏನೂ ಆಗಲಿಲ್ಲ. ಕಿಟಕಿಯ ಪಕ್ಕವೇ ಜಾಗ ಸಿಕ್ಕಿತ್ತು, ಆಕಾಶ ತೊಳೆದಿಟ್ಟಂತಿತ್ತು, ಚಹಾ ಕಪ್ಪಿನಲ್ಲೇ ಉಳಿಯಿತು, ತೀರಿಕೊಂಡವರು ತೀರಿಕೊಂಡೇ ಇದ್ದರು. ಬಿರಣ್ಣ ಮಾತ್ರ ಬಂದ. ತಲೆಯೆಲ್ಲ ಬೆಳ್ಳಗಾಗಿತ್ತು, ಒಂದು ಕಾಲು ಮಡಚುತ್ತಿರಲಿಲ್ಲ. ಸೀದಾ ಪುಸ್ತಕಕ್ಕೆ ಕೈ ಹಾಕಿದ.

"ಅಣ್ಣಾ, ಆ ಹಾಳಿ ಬ್ಯಾಡ್ರಿ…"

"ಯಾಕವ್ವಾ ಶಮಾ, ನಿನ್ನ ಹೊಟ್ಟಿನೋವ ಇನ್ನೂ ಹೋಗಿಲ್ಲೇನ?"

ಒಂದೊಂದು ಸುದ್ದಿಯ ಮೇಲೂ ಬೆರಳು ಓಡಿಸುತ್ತ ಕೆಳಗಿಳಿದ. ಕೊನೆಯ ಎರಡು ಸಾಲು ದಾಟಿದವನೇ 'ಸ್' ಎಂದು ಕೈ ಹಿಂದೆಗೆದ. ಎಂದೋ ಉದುರಿಹೋಗಿರಬೇಕೆಂದು ನಾನು ನಂಬಿದ್ದ ಸೂಜಿ ತುಕ್ಕು ಹಿಡಿದು ಅಲ್ಲೇ ಇತ್ತು, ಅದರ ಕಣ್ಣಿನಲ್ಲಿ ಬಣ್ಣಗೆಟ್ಟ ದಾರದ ಗೇಣುದ್ದ ತುಂಡು. ತುಕ್ಕಿನ ಸೂಜಿ, ಧನುರ್ವಾಯು, ಇಂಜೆಕ್ಷನ್, ಇವತ್ತು ದವಾಖಾನೆ ತೆರೆದಿರುತ್ತದೋ ಇಲ್ಲವೋ, ಎಂದು ನಾನು ಮತ್ತೆ ಶುರುಮಾಡಿಕೊಂಡು ಸೂಜಿ ಕೀಳಲು ಹೋದೆ. ಬಿರಣ್ಣ ಪುಟದ ಮೇಲೆ ಅಂಗೈ ಇಟ್ಟ, ಅಂದಿನಂತೆಯೇ.

"ಇರ್ಲಿ ಬಿಡವ್ವಾ. ಚಾಚಾ ಇನ್ನೂ ಕಾಯಾಕತ್ತಾರ."

ಅವನ ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಮೂಡಿತ್ತು. ಆ ದಿನ ಆದದ್ದು ಅಷ್ಟೇ.